ಮಣ್ಣಿನ ಗೋಡೆ, ಅಕ್ಕಿಯ ಗೆರೆ: ಮಲೆನಾಡಿನ ದೀವರ ಮನೆಯ ಚಿತ್ತಾರ

ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ, ಹೊಸನಗರ ತಾಲ್ಲೂಕುಗಳಲ್ಲಿಯೂ ಅವುಗಳಿಗೆ ತಾಗಿಕೊಂಡಿರುವ ಉತ್ತರ ಕನ್ನಡದ ಸಿದ್ದಾಪುರ ಸೀಮೆಯಲ್ಲಿಯೂ ನೆಲೆಸಿರುವ ದೀವರು ತಮ್ಮ ಮನೆಯ ಗೋಡೆಗಳ ಮೇಲೆ ಬರೆಯುತ್ತ ಬಂದಿರುವ ಚಿತ್ರಕ್ಕೆ ಹಸೆ ಚಿತ್ತಾರವೆಂದು ಹೆಸರು. ಹಸೆ ಎಂದರೆ ಮದುವೆಯಲ್ಲಿ ವಧೂವರರನ್ನು ಕೂರಿಸುವ ಅಲಂಕೃತ ಜಾಗ. ಮದುವೆಯಾಗುವುದಕ್ಕೆ ಹಸೆಮಣೆ ಏರುವುದೆಂಬ ಮಾತು ಕನ್ನಡ ನಾಡಿನ ಎಲ್ಲ ಕಡೆಯೂ ಬಳಕೆಯಲ್ಲಿದೆ. ದೀವರಲ್ಲಿ ಆ ಜಾಗದ ಹಿಂದಿನ ಗೋಡೆಯೇ ಹಸೆಗೋಡೆ, ಅದರ ಮೇಲೆ ಮೂಡುವುದೇ ಹಸೆ ಚಿತ್ತಾರ. ಇಂದು ಇದನ್ನು ಜಾನಪದ ಕಲೆಯೆಂದು ಗುರುತಿಸಿ, ಕಾಗದಕ್ಕೋ ಹಲಗೆಗೋ ಇಳಿಸಿ, ಚೌಕಟ್ಟು ಹಾಕಿ ತೂಗುಹಾಕುವುದು ವಾಡಿಕೆಯಾಗಿದೆ. ಆದರೆ ಇದರ ಚರಿತ್ರೆ ಮೂಲತಃ ಒಂದು ಬಗೆಯ ಮನೆಯ ಚರಿತ್ರೆ. ಮನೆ ಕಟ್ಟಿ ಮುಗಿದ ಮೇಲೆ ಅಂದಕ್ಕೆಂದು ತಂದು ಅಂಟಿಸಿದ ವಸ್ತು ಚಿತ್ತಾರವಲ್ಲ. ಮಣ್ಣಿನ ಮನೆಯನ್ನು ವರ್ಷವರ್ಷವೂ ಸರಿಪಡಿಸಿ ನಿಲ್ಲಿಸಿಕೊಳ್ಳುವ ದುಡಿಮೆಯ ಕೊನೆಯ ಹಂತವೇ ಅದು.

ಆ ಮನೆಯ ಸ್ವರೂಪವನ್ನು ತಿಳಿಯದೆ ಚಿತ್ತಾರವನ್ನು ತಿಳಿಯಲಾಗದು. ಮಣ್ಣು ಕಲಸಿ ಏರಿಸಿದ ದಪ್ಪ ಗೋಡೆ, ಮೇಲೆ ಹುಲ್ಲು ಅಥವಾ ಅಡಿಕೆ ಸೋಗೆಯ, ಎಂದರೆ ಒಣಗಿದ ಅಡಿಕೆ ಗರಿಯ, ಹೊದಿಕೆ, ಮುಂದೆ ಜಗಲಿ, ಒಳಗೆ ಸಗಣಿ ಬಳಿದ ನೆಲ, ಹೀಗೆ ಸುತ್ತಲಿನ ಗುಡ್ಡ, ತೋಟ ಮತ್ತು ಕೊಟ್ಟಿಗೆಗಳಿಂದಲೇ ಆ ಮನೆ ಎದ್ದು ನಿಲ್ಲುತ್ತಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಹೊಯ್ಯುವ ಮಲೆನಾಡಿನ ಮಳೆಗೆ ಗೋಡೆಯ ಬುಡ ನೆನೆದು ಕರಗುತ್ತದೆ, ಎರಚಲು ಬಡಿದ ಕಡೆ ಮಣ್ಣು ಉದುರುತ್ತದೆ, ಒಳಗೆಲ್ಲ ಒಲೆಯ ಹೊಗೆ ಕಟ್ಟುತ್ತದೆ. ಮಳೆಗಾಲ ಕಳೆದ ಕೂಡಲೇ ಬಿರುಕುಗಳಿಗೆ ಮಣ್ಣು ತುಂಬಿ, ಸಾರಣೆ ಮಾಡಿ, ಕೆಮ್ಮಣ್ಣು ಬಳಿದರೆ ಮಾತ್ರ ಆ ಗೋಡೆ ಮುಂದಿನ ಮಳೆಗಾಲಕ್ಕೆ ಉಳಿದೀತು. ಸಾರಣೆಯೆಂದರೆ ಸಗಣಿ ಮತ್ತು ನುಣುಪಾದ ಮಣ್ಣನ್ನು ನೀರಿನಲ್ಲಿ ಕಲಸಿ ಅಂಗೈಯಿಂದ ತೆಳುವಾಗಿ ಬಳಿಯುವುದು. ನೆಲ ಕಪ್ಪಗೆ ಮಿನುಗಬೇಕೆಂದು ಸಗಣಿಗೆ ಇದ್ದಿಲಿನ ಪುಡಿಯನ್ನು ಬೆರೆಸುತ್ತಿದ್ದರು. ಟಾರ್ಚು ಊರುಗಳಿಗೆ ಬಂದ ಮೇಲೆ ಮುಗಿದುಹೋದ ಬ್ಯಾಟರಿ ಸೆಲ್ಲನ್ನು ಒಡೆದು ಅದರೊಳಗಿನ ಕಪ್ಪನ್ನೂ ಅದೇ ಕೆಲಸಕ್ಕೆ ಹಚ್ಚಿದರು. ಕೈಗೆ ಸಿಕ್ಕಿದ್ದನ್ನು ಬಿಸಾಡದೆ ಮನೆಯ ಅಂದಕ್ಕೆ ಒಗ್ಗಿಸಿಕೊಳ್ಳುವ ಬುದ್ಧಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಹೀಗೆ ಹಸನಾದ ಗೋಡೆಯ ಮೇಲೆ ಬರೆಯುವ ಬಣ್ಣಗಳಿಗೂ ಅಂಗಡಿಗೆ ಹೋಗಬೇಕಾಗಿರಲಿಲ್ಲ. ಹಿನ್ನೆಲೆಯ ಕೆಂಪು, ಕಬ್ಬಿಣದ ಅಂಶ ಹೆಚ್ಚಿರುವ ಮಲೆನಾಡಿನ ಕೆಮ್ಮಣ್ಣಿನದು. ಅದನ್ನು ನೀರಿನಲ್ಲಿ ಕದಡಿ, ಹರಳು ಮರಳು ಬೇರ್ಪಡಿಸಿ, ಉಳಿದ ನಯವಾದ ಕೆಸರನ್ನು ಬಳಸುತ್ತಾರೆ. ಬಿಳಿಗೆ ಅಕ್ಕಿಯನ್ನು ನೆನೆಹಾಕಿ ನುಣ್ಣಗೆ ಅರೆಯುತ್ತಾರೆ. ಕಪ್ಪಿಗೆ ಅದೇ ಅಕ್ಕಿಯನ್ನು ಕರಿಯಾಗುವ ತನಕ ಹುರಿದು ಸುಟ್ಟು ಅರೆಯುತ್ತಾರೆ. ಹಳದಿಗೆ ಗುರಿಗೆ ಎಂಬ ಕಾಡುಮರದ ಕಾಯಿ ಒದಗುತ್ತದೆ. ಈ ನಾಲ್ಕೇ ಬಣ್ಣಗಳು ಪರಂಪರೆಯ ಚಿತ್ತಾರಕ್ಕೆ ಸಾಕು. ಕುಂಚವೂ ಮನೆಯಲ್ಲೇ ಹುಟ್ಟುತ್ತದೆ: ಪುಂಡಿ ಗಿಡದ ನಾರನ್ನು ಬೇಕಾದಷ್ಟು ಉದ್ದಕ್ಕೆ ತೆಗೆದು, ತುದಿಯನ್ನು ಜಜ್ಜಿ ಸೀಳಿ, ಎಳೆಯ ದಪ್ಪಕ್ಕೆ ತಕ್ಕಂತೆ ಸಣ್ಣದು ದೊಡ್ಡದು ಮಾಡಿಕೊಳ್ಳುತ್ತಾರೆ.

ಅಕ್ಕಿಹಿಟ್ಟಿನ ಗೆರೆಗೆ ಒಂದು ವಿಶೇಷ ಗುಣವಿದೆ. ಕೆಮ್ಮಣ್ಣಿನ ಮೇಲೆ ಹಸಿಯಾಗಿ ಎಳೆದಾಗ ಅದು ಮಸುಕಾಗಿ, ನೀರಿನ ಗುರುತಿನಂತೆ ಕಾಣುತ್ತದೆ. ಒಣಗುತ್ತ ಬಂದಂತೆ ಬೆಳ್ಳಗೆ ಎದ್ದು ನಿಲ್ಲುತ್ತದೆ. ಆದ್ದರಿಂದ ಬರೆಯುವವಳು ತಾನು ಎಳೆದ ಗೆರೆಯನ್ನು ಪೂರ್ತಿಯಾಗಿ ನೋಡುವುದು ಅದರಿಂದ ಮುಂದಕ್ಕೆ ಹೋದ ಮೇಲೆಯೇ. ಅಲ್ಲಿಯವರೆಗೆ ಅವಳು ಕೈಯ ಅಭ್ಯಾಸವನ್ನು ನಂಬಿ ಎಳೆ ಪಕ್ಕಕ್ಕೆ ಎಳೆಯನ್ನು ಸಮಾಂತರವಾಗಿ ಸಾಗಿಸುತ್ತಾಳೆ. ಅಕ್ಕಿಯ ಗಂಜಿಯೇ ಅಂಟಿನ ಕೆಲಸವನ್ನೂ ಮಾಡುವುದರಿಂದ ಬೇರೆ ಬಂಧಕ ದ್ರವ್ಯ ಬೇಕಾಗುವುದಿಲ್ಲ. ಉಣ್ಣುವ ಅಕ್ಕಿಯ ಒಂದು ಹಿಡಿಯಲ್ಲಿ ಬೆಳಕು ಕತ್ತಲೆ ಎರಡನ್ನೂ ಹೊರಡಿಸಿದ ಈ ಉಪಾಯವನ್ನು ಕೇವಲ ಬಡತನದ ಅನಿವಾರ್ಯತೆಯೆಂದು ಕರೆದರೆ ಅದನ್ನು ಕಂಡುಕೊಂಡ ಹೆಂಗಸರ ಜಾಣ್ಮೆಗೆ ಅನ್ಯಾಯ ಮಾಡಿದಂತಾಗುತ್ತದೆ.

ಚಿತ್ತಾರದ ಮೈಕಟ್ಟು ನೇರ ಗೆರೆಗಳದು. ಉದ್ದ, ಅಡ್ಡ ಮತ್ತು ಓರೆ ಎಳೆಗಳು ಒಂದನ್ನೊಂದು ಕತ್ತರಿಸುತ್ತ ಚೌಕ ಹಾಗೂ ತ್ರಿಕೋನಗಳ ಜಾಲವಾಗುತ್ತವೆ, ಆ ಜಾಲದ ನಡುವೆ ಮದುಮಕ್ಕಳು ನಿಲ್ಲುತ್ತಾರೆ. ಅವರಿಗೆ ಮುಖದ ಚಹರೆಯಿಲ್ಲ. ಇಂಥವರ ಮದುವೆಯೆಂದು ಗುರುತು ಹಚ್ಚುವುದು ಚಿತ್ತಾರದ ಉದ್ದೇಶವಲ್ಲ, ಅಲ್ಲಿ ಇರುವವರು ಯಾವ ಮನೆಯ ಮದುಮಕ್ಕಳೂ ಆಗಬಹುದು. ಸುತ್ತಲೂ ಗಿಡಮರ, ಹಕ್ಕಿ, ಏಣಿ, ತೇರು ಮುಂತಾದ ಕಣ್ಣೆದುರಿನ ಲೋಕವೇ ಗೆರೆಯಾಗಿ ಬರುತ್ತದೆ. ಇದನ್ನು ಬರೆಯುವುದರಲ್ಲಿ ಪಳಗಿದವಳು ಚಿತ್ತಾರಗಿತ್ತಿ. ಹೆಂಗಸರು ಹಾಡು ಹೇಳುತ್ತ ಬರೆಯುವುದು ರೂಢಿ. ಹಾಡು ಮತ್ತು ಗೆರೆ ಎರಡನ್ನೂ ಕಲಿತದ್ದು ತಾಯಿ ಅಜ್ಜಿಯರ ಪಕ್ಕದಲ್ಲಿ ಕುಳಿತು, ಅವರ ಕೈ ನೋಡಿ. ಅಕ್ಷರ ಕಲಿಯಲು ಅವಕಾಶವೇ ಇಲ್ಲದಿದ್ದ ಹೆಂಗಸರು ತಮ್ಮ ಕೆಲಸಕ್ಕೆ 'ಬರೆಯುವುದು' ಎಂಬ ಮಾತನ್ನೇ ಬಳಸುತ್ತ ಬಂದರೆಂಬುದು ಗಮನಿಸತಕ್ಕ ಸಂಗತಿ.

ಗೋಡೆಯೊಂದೇ ಅಲಂಕಾರದ ನೆಲೆಯಾಗಿರಲಿಲ್ಲ. ಸುಗ್ಗಿಯಲ್ಲಿ ಒಳ್ಳೆಯ ತೆನೆಗಳನ್ನು ಆರಿಸಿ, ಹುಲ್ಲಿನ ಸಮೇತ ಹೆಣೆದು, ಬತ್ತದ ತೆನೆಯ ತೋರಣ ಮಾಡಿ ಬಾಗಿಲಿಗೋ ಜಗಲಿಗೋ ಕಟ್ಟುವುದು ಇದೇ ಸೀಮೆಯ ಇನ್ನೊಂದು ಕಸುಬು. ಕಾಳುಗಳು ಜಾಲರಿಯಂತೆ ಸಾಲುಗೂಡಿ ಇಳಿಬೀಳುವ ಈ ತೋರಣದಲ್ಲಿ ಕತ್ತರಿಸಿ ಎಸೆಯುವ ಭಾಗವೇ ಕಡಿಮೆ. ಮುಂಡಿಗೆ ಎಲೆಯ ಚಾಪೆ, ಮಡಕೆ ಉರುಳದಂತೆ ಕೆಳಗಿಡುವ ಹುಲ್ಲಿನ ಸಿಂಬಿ ಮುಂತಾದ ನಿತ್ಯದ ವಸ್ತುಗಳಲ್ಲೂ ಅದೇ ಹೆಣಿಗೆಯ ಕೈಯನ್ನು ಕಾಣಬಹುದು. ನೆರೆಯ ಹವ್ಯಕರ ಮನೆಗಳಲ್ಲಿಯೂ ಮದುವೆಗೆ ಹಸೆ ಬರೆಯುವ ಸಂಪ್ರದಾಯವಿದ್ದುದರಿಂದ ಒಂದು ಜಾತಿಯ ಗೋಡೆ ಇನ್ನೊಂದು ಜಾತಿಯ ಗೋಡೆಗೆ ಸಂಪೂರ್ಣ ಅಪರಿಚಿತವಾಗಿರಲಿಲ್ಲ.

ಇವೆಲ್ಲದರಲ್ಲಿ ಇಂದಿಗೂ ಗಟ್ಟಿಯಾಗಿ ನಿಂತಿರುವುದು ಭೂಮಿ ಹುಣ್ಣಿಮೆಯ ಬುಟ್ಟಿ, ಆಡುಮಾತಿನಲ್ಲಿ ಬೂಮಣ್ಣಿ ಬುಟ್ಟಿ. ಆಶ್ವಯುಜ ಮಾಸದ ಹುಣ್ಣಿಮೆಯ ಹೊತ್ತಿಗೆ ಬತ್ತದ ಗದ್ದೆ ಹೊಡೆ ತುಂಬಿರುತ್ತದೆ. ಆಗ ಭೂಮಿತಾಯಿಯನ್ನು ಬಸುರಿಯೆಂದು ಭಾವಿಸಿ ಅವಳಿಗೆ ಬಯಕೆಯ ಊಟವನ್ನು ಉಣಿಸುವ ಹಬ್ಬ ಇದು. ಬಗೆಬಗೆಯ ಸೊಪ್ಪುಗಳನ್ನು ಬೇಯಿಸಿದ ಅಡಿಗೆಯನ್ನು ಬುಟ್ಟಿಯಲ್ಲಿ ತುಂಬಿಕೊಂಡು, ಬೆಳಕು ಹರಿಯುವ ಮುನ್ನ ಗದ್ದೆಗೆ ಹೋಗಿ ಬೀರಿ ಬರುತ್ತಾರೆ. ಆ ಬಿದಿರ ಬುಟ್ಟಿಗೆ ದಿನಗಳ ಮೊದಲೇ ಸಗಣಿ ಬಳಿದು ಸಂದುಗಳನ್ನು ಮುಚ್ಚಿ, ಒಣಗಿದ ಮೇಲೆ ಕೆಮ್ಮಣ್ಣು ಹಚ್ಚಿ, ಅದರ ಮೇಲೆ ಅಕ್ಕಿಯ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಗೋಡೆಗೆ ಮಾಡುವ ಉಪಚಾರವನ್ನೇ ಒಂದೊಂದು ಹಂತವನ್ನೂ ಬಿಡದೆ ಬುಟ್ಟಿಗೂ ಮಾಡುತ್ತಾರೆಂಬುದನ್ನು ಗಮನಿಸಿದರೆ, ಬುಟ್ಟಿ ಗದ್ದೆಗೆ ಹೊತ್ತೊಯ್ಯಬಹುದಾದ ಒಂದು ಪುಟ್ಟ ಮನೆಯೇ ಎನಿಸುತ್ತದೆ.

ಇಂಥ ಮನೆಗಳ ಮಿತವ್ಯಯದ ಹಿಂದೆ ಒಂದು ಕಠಿಣ ಅರ್ಥವ್ಯವಸ್ಥೆಯಿತ್ತು. ಬ್ರಿಟಿಷರ ಕಾಲದ ದಾಖಲೆಗಳಲ್ಲಿ ಹಳೇಪೈಕರೆಂಬ ಹೆಸರೂ ಇರುವ ದೀವರು, ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ಬಹುಮಟ್ಟಿಗೆ ಗೇಣಿದಾರರಾಗಿ ದುಡಿದವರು. ಗೇಣಿಯೆಂದರೆ ಒಡೆಯನ ಭೂಮಿಯನ್ನು ಉತ್ತು ಬೆಳೆದ ಬತ್ತದಲ್ಲಿ ಗೊತ್ತುಪಡಿಸಿದ ಪಾಲನ್ನು ಅವನಿಗೆ ಅಳೆದುಕೊಡುವ ಕರಾರು. ಅಳೆಯುವ ಕೊಳಗವೇ ಹಿರಿದಾದರೆ ಗೇಣಿದಾರನ ಪಾಲು ಆ ಮಟ್ಟಿಗೆ ಕಿರಿದಾಗುತ್ತದೆ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರ ಏಪ್ರಿಲ್‌ನಲ್ಲಿ ಆರಂಭವಾದ ರೈತ ಸತ್ಯಾಗ್ರಹಕ್ಕೆ ಈ ಕೊಳಗದ ತಕರಾರೇ ಕಿಡಿಯಾಯಿತು. ಎಚ್. ಗಣಪತಿಯಪ್ಪನವರು ಸಂಘಟಿಸಿದ, ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿಗಳು ಜೊತೆಗೂಡಿದ ಆ ಹೋರಾಟಕ್ಕೆ ರಾಮಮನೋಹರ ಲೋಹಿಯಾ ಕೂಡ ಬಂದು ಬಂಧನಕ್ಕೊಳಗಾದರು. ರಾಜಕೀಯ ಚರಿತ್ರೆಯ ಪುಟಗಳು ಈ ರೈತರ ಗೇಣಿ ಮತ್ತು ಗದ್ದೆಯ ಬಗ್ಗೆ ಹೇಳಿದಷ್ಟು ಅವರು ಸಂಜೆ ಮರಳುತ್ತಿದ್ದ ಮನೆಯ ಬಗ್ಗೆ ಹೇಳಿಲ್ಲ. ಬೆಳೆದ ಬತ್ತದ ದೊಡ್ಡ ಪಾಲು ಅಂಗಳದಿಂದಲೇ ಸಾಗಿಹೋಗುತ್ತಿದ್ದ ದಿನಗಳಲ್ಲಿಯೂ, ಉಳಿದುದರಲ್ಲಿ ಹಿಡಿ ಅಕ್ಕಿಯನ್ನು ಗೋಡೆಗೆಂದು ಎತ್ತಿಟ್ಟ ಹೆಂಗಸರ ತೀರ್ಮಾನವೂ ಆ ಚರಿತ್ರೆಗೆ ಸೇರಬೇಕು.

ಚಿತ್ತಾರದ ವಯಸ್ಸನ್ನು ಸಹಸ್ರಮಾನಗಳಲ್ಲಿ ಹೇಳುವ, ಗುಹಾಚಿತ್ರಗಳೊಂದಿಗೆ ಅದಕ್ಕೆ ನಂಟು ಕಲ್ಪಿಸುವ ಮಾತುಗಳು ಆಗಾಗ ಕೇಳಿಬರುತ್ತವೆ. ಈ ಬಗೆಯ ಹೊಗಳಿಕೆಯಿಂದ ಚಿತ್ತಾರಕ್ಕೆ ಹೆಚ್ಚಿನ ಗೌರವವೇನೂ ಸಿಗುವುದಿಲ್ಲ. ಒಂದೆರಡು ಮಳೆಗಾಲಕ್ಕೆ ಮಾಸಿ, ಮತ್ತೆ ಸಾರಣೆಯ ಅಡಿಯಲ್ಲಿ ಸೇರಿಹೋಗುವ ಚಿತ್ರ ಇದು. ಹಳೆಯದು ಉಳಿಯಲಿ ಎಂಬುದಕ್ಕಿಂತ ಹೊಸದು ಮೂಡಲಿ ಎಂಬುದೇ ಅದರ ಬಾಳಿನ ಕ್ರಮ. ಒಂದು ಮದುವೆಯ ಹಸೆಯ ಮೇಲೆ ಕೆಮ್ಮಣ್ಣು ಬಳಿದೇ ಇನ್ನೊಂದು ಮದುವೆಯ ಹಸೆಯನ್ನು ಬರೆಯುತ್ತಿದ್ದರು, ಆ ಪದರಗಳೆಲ್ಲ ಗೋಡೆಯ ಮೈಯೊಳಗೇ ಇದ್ದವು.

ಆ ಗೋಡೆಗಳು ಮರೆಯಾದುದಕ್ಕೆ ಮುಖ್ಯವಾಗಿ ಎರಡು ಕಾರಣಗಳನ್ನು ಹೇಳಬಹುದು. ಶರಾವತಿಗೆ ಅಡ್ಡಲಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡು, ಸಾಗರ ಹೊಸನಗರ ಭಾಗದ ಅನೇಕ ಊರುಗಳು ನೀರಿನಡಿ ಸೇರಿದವು. ಕಲ್ಲು ಕಂಬಗಳನ್ನಾದರೂ ಗಾಡಿಯಲ್ಲಿ ಹೇರಿಕೊಂಡು ಹೋಗಬಹುದು, ಮಣ್ಣಿನ ಗೋಡೆಯನ್ನು ಹೊತ್ತುಕೊಂಡು ಹೋಗಲಾಗದು. ಮುಳುಗಡೆಯ ಸಂತ್ರಸ್ತರು ತಮ್ಮೊಂದಿಗೆ ಒಯ್ದದ್ದು ಕೈಯಲ್ಲಿದ್ದ ವಿದ್ಯೆಯನ್ನು ಮಾತ್ರ. ಎರಡನೆಯದು ಸಂತೋಷಪಡಬೇಕಾದ ಬದಲಾವಣೆ. ದೇವರಾಜ ಅರಸರ ಕಾಲದಲ್ಲಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿದಾರರು ತಾವು ಉಳುತ್ತಿದ್ದ ನೆಲಕ್ಕೆ ಒಡೆಯರಾಗುವ ದಾರಿ ತೆರೆಯಿತು, ಮಕ್ಕಳು ಶಾಲೆಗೆ ಹೋದರು, ಕೈಯಲ್ಲಿ ಕಾಸು ನಿಂತಂತೆ ಸೋಗೆಯ ಜಾಗಕ್ಕೆ ಹಂಚೂ ಮಣ್ಣಿನ ಜಾಗಕ್ಕೆ ಇಟ್ಟಿಗೆ ಸಿಮೆಂಟೂ ಬಂದವು. ಸಿಮೆಂಟಿನ ಗೋಡೆ ವರ್ಷವರ್ಷವೂ ಆರೈಕೆಯನ್ನು ಕೇಳುವುದಿಲ್ಲ. ಸಾರಣೆ ನಿಂತಿತು, ಸಾರಣೆಯ ಬೆನ್ನಿಗೆ ಬರುತ್ತಿದ್ದ ಚಿತ್ತಾರವೂ ಹಿಂದೆ ಸರಿಯಿತು. ಚಿತ್ತಾರಕ್ಕಾಗಿ ಮಣ್ಣಿನ ಮನೆಯಲ್ಲೇ ಇರಿ ಎಂದು ಈ ಜನರಿಗೆ ಹೇಳುವ ಹಕ್ಕು ಯಾರಿಗೂ ಇಲ್ಲ. ಪ್ರತಿ ಮಳೆಗಾಲವೂ ಸೋರುವ ಮಾಡಿನ ಕೆಳಗೆ ಕಳೆಯುವುದೆಂದರೇನು ಎಂಬುದು ಅದನ್ನು ಕಳೆದವರಿಗೇ ಗೊತ್ತು.

ಆದರೂ ಕೆಲಸ ಪೂರ್ತಿ ನಿಲ್ಲಲಿಲ್ಲ. ಸಾಗರ ಸೀಮೆಯ ಸಿರಿವಂತೆ, ಹಸುವಂತೆಯಂಥ ಊರುಗಳ ಕಲಾವಿದರು ಚಿತ್ತಾರವನ್ನು ಹಲಗೆ, ಬಟ್ಟೆ, ಕಾಗದಗಳಿಗೆ ಒಗ್ಗಿಸಿ ಮಲೆನಾಡಿನಾಚೆಗೂ ಪರಿಚಯಿಸಿದರು. ಮನೆಯೊಳಗೆ ಹೆಂಗಸರ ಕೈಯಲ್ಲಿದ್ದ ಕೆಲಸಕ್ಕೆ ಗಂಡಸರೂ ಕೈಹಾಕಿದರು. ಕೆಮ್ಮಣ್ಣಿನ ಬದಲು ಡಬ್ಬಿಯ ಬಣ್ಣ ಬಂದಲ್ಲಿ ಅಕ್ಕಿಯ ಗೆರೆಗಿದ್ದ ಮೃದುತ್ವ ಕಳೆದುಹೋಗಿರುವುದೂ ನಿಜ. ಚಿತ್ತಾರವನ್ನು ಕೊಳ್ಳುವವರು ಅದನ್ನು ಅಕ್ಕಿ ಮತ್ತು ಮಣ್ಣಿನಲ್ಲೇ ಬರೆದುಕೊಡಿರೆಂದು ಕೇಳಿದರೆ, ಬರೆದವಳ ಹೆಸರನ್ನು ಕೆಳಗೆ ಹಾಕಿಸಿದರೆ, ಕಸುಬಿಗೆ ಅದರಿಂದ ದೊಡ್ಡ ಉಪಕಾರವಾಗುತ್ತದೆ. ಮನೆಯ ಮಟ್ಟಿಗಂತೂ ಹಬ್ಬವೇ ಚಿತ್ತಾರವನ್ನು ಉಳಿಸಿಕೊಂಡಿದೆ. ಸಿಮೆಂಟಿನ ಗೋಡೆಗೆ ಡಿಸ್ಟೆಂಪರ್ ಹೊಡೆಸಿರುವ ಮನೆಗಳಲ್ಲಿಯೂ ನವರಾತ್ರಿ ಬಂತೆಂದರೆ ಅಟ್ಟದಿಂದ ಹಳೆಯ ಬಿದಿರ ಬುಟ್ಟಿಯನ್ನು ಇಳಿಸುತ್ತಾರೆ, ಸಗಣಿ ಬಳಿದು ಬಿಸಿಲಿಗಿಡುತ್ತಾರೆ, ಅಕ್ಕಿ ನೆನೆಹಾಕುತ್ತಾರೆ.