ಕಡಲ್ಗಳ್ಳರ ಬೆನ್ನು ಹತ್ತಿ: ಅಂತರ್ಜಾಲದಲ್ಲಿ ಮಕ್ಕಳ ಇತಿಹಾಸ ಶೋಧ

ಕಡಲ್ಗಳ್ಳರು ಎಂದೊಡನೆ ಮಕ್ಕಳ ಕಣ್ಣ ಮುಂದೆ ಬರುವುದು ಕಪ್ಪು ಕಣ್ಣುಪಟ್ಟಿ, ಒಂಟಿ ಕಾಲು, ಹೆಗಲ ಮೇಲಿನ ಗಿಳಿ ಮತ್ತು ನಿಧಿಯ ನಕ್ಷೆ. ಈ ಚಿತ್ರದ ಬಹುಪಾಲು ಇತಿಹಾಸದ್ದಲ್ಲ. 1883ರಲ್ಲಿ ಪುಸ್ತಕವಾಗಿ ಬಂದ ರಾಬರ್ಟ್ ಲೂಯಿ ಸ್ಟೀವನ್‌ಸನ್‌ನ ‘ಟ್ರೆಶರ್ ಐಲೆಂಡ್’ ಕಾದಂಬರಿ ಹಾಗೂ ಅನಂತರದ ಚಲನಚಿತ್ರಗಳು ಅದನ್ನು ಕಟ್ಟಿಕೊಟ್ಟಿವೆ. ‘ಕಡಲ್ಗಳ್ಳರ ಕುರಿತು ಮಾಹಿತಿ ಸಂಗ್ರಹಿಸಿ’ ಎಂದು ಶಾಲೆಯಲ್ಲಿ ಪ್ರಾಜೆಕ್ಟ್ ಕೊಟ್ಟರೆ ಮಗು ಹುಡುಕುತಾಣದ ಮೊದಲ ಪುಟವನ್ನು ನಕಲು ಮಾಡಿ, ನಾಲ್ಕು ಚಿತ್ರ ಅಂಟಿಸಿ ಒಪ್ಪಿಸುತ್ತದೆ. ಪಾಲಕರ ಪ್ರಿಂಟರ್ ಶಾಯಿ ಖರ್ಚಾಗುತ್ತದೆಯೇ ಹೊರತು ಇತಿಹಾಸ ತಿಳಿಯುವುದಿಲ್ಲ.

ಇದಕ್ಕೆ ಪರಿಹಾರ ಸರಳವಾದದ್ದು. ಇಡೀ ವಿಷಯವನ್ನು ಕೊಡುವ ಬದಲು ಒಬ್ಬ ವ್ಯಕ್ತಿ, ಒಂದು ಹಡಗು, ಒಂದು ಪ್ರಶ್ನೆ ಕೊಡಬೇಕು. ಕರ್ನಾಟಕದ ಮಕ್ಕಳಿಗೆ ಅಂಥ ಪ್ರಶ್ನೆಯೊಂದು ಕಾರವಾರದ ದಂಡೆಯಲ್ಲೇ ಸಿಗುತ್ತದೆ: ಕ್ಯಾಪ್ಟನ್ ವಿಲಿಯಂ ಕಿಡ್ ನಿಜಕ್ಕೂ ಕಡಲ್ಗಳ್ಳನೇ?

ಕಾರವಾರಕ್ಕೆ ಬಂದ ಕಿಡ್

ಕಡಲ್ಗಳ್ಳರನ್ನು ಹಿಡಿಯಲು ಹಾಗೂ ಶತ್ರುವಾಗಿದ್ದ ಫ್ರಾನ್ಸಿನ ಹಡಗುಗಳನ್ನು ವಶಪಡಿಸಿಕೊಳ್ಳಲು ಇಂಗ್ಲೆಂಡಿನ ದೊರೆಯಿಂದ ಅಧಿಕಾರಪತ್ರ ಪಡೆದು ಕಿಡ್ 1696ರಲ್ಲಿ ‘ಅಡ್ವೆಂಚರ್ ಗ್ಯಾಲಿ’ ಹಡಗಿನಲ್ಲಿ ಹೊರಟನು. 1697ರ ಆಗಸ್ಟ್‌ನಲ್ಲಿ ಕೆಂಪು ಸಮುದ್ರದ ಬಾಯಲ್ಲಿ ಯಾತ್ರಿಕರ ಹಡಗುಗಳ ಬೆನ್ನು ಹತ್ತಿ ವಿಫಲನಾದನು. ಸೆಪ್ಟೆಂಬರ್‌ನಲ್ಲಿ, ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ವ್ಯಾಪಾರ ಕೋಠಿಯಿದ್ದ ಕಾರವಾರಕ್ಕೆ ಬಂದು ಲಂಗರು ಹಾಕಿದನು. ದಾರಿಯಲ್ಲಿ ಸಣ್ಣ ಹಡಗೊಂದನ್ನು ತಡೆದು ಅದರ ಇಂಗ್ಲಿಷ್ ಕ್ಯಾಪ್ಟನ್‌ನನ್ನು ತನ್ನ ಬಳಿ ಇಟ್ಟುಕೊಂಡಿದ್ದನೆಂಬ ಸುದ್ದಿ ಅವನಿಗಿಂತ ಮೊದಲೇ ದಡ ಸೇರಿತ್ತು.

ಕಾರವಾರದಲ್ಲಿ ಕಿಡ್‌ನ ಹಡಗಿನಿಂದ ಇಳಿದು ಹೋದವರಲ್ಲಿ ಬೆಂಜಮಿನ್ ಫ್ರಾಂಕ್ಸ್ ಎಂಬ ರತ್ನವ್ಯಾಪಾರಿಯೂ ಒಬ್ಬ. ಅನುಮತಿ ಪಡೆಯಲು ಕ್ಯಾಪ್ಟನ್‌ಗೆ ಅವನು ಕೊಟ್ಟ ಕಾಣಿಕೆ ಒಂದು ಬೀವರ್ ತುಪ್ಪಳದ ಟೋಪಿ! ಅದೇ ಅಕ್ಟೋಬರ್‌ನಲ್ಲಿ ಬಾಂಬೆಯಲ್ಲಿ ಅವನು ನೀಡಿದ ಹೇಳಿಕೆ ಇಂದಿಗೂ ಓದಲು ಲಭ್ಯವಿದೆ. ಅಮೆರಿಕದ ಇತಿಹಾಸಕಾರ ಜಾನ್ ಫ್ರಾಂಕ್ಲಿನ್ ಜೇಮ್ಸನ್ 1923ರಲ್ಲಿ ಪ್ರಕಟಿಸಿದ ಕಡಲ್ಗಳ್ಳತನದ ದಾಖಲೆಗಳ ಸಂಪುಟ ‘ಪ್ರಾಜೆಕ್ಟ್ ಗುಟೆನ್‌ಬರ್ಗ್’ ತಾಣದಲ್ಲಿ ಉಚಿತವಾಗಿ ದೊರೆಯುತ್ತದೆ. 1699ರ ಜುಲೈನಲ್ಲಿ ಬಾಸ್ಟನ್‌ನಲ್ಲಿ ಕಿಡ್ ಕೊಟ್ಟ ಸ್ವಂತ ವಿವರಣೆಯೂ ಅದರಲ್ಲಿದೆ. ನಾವಿಕರು ತನ್ನ ಮಾತು ಕೇಳಲಿಲ್ಲ, ತಾನು ಹಿಡಿದ ಹಡಗುಗಳ ಬಳಿ ಫ್ರೆಂಚ್ ರಹದಾರಿಗಳಿದ್ದವು ಎಂಬುದು ಅವನ ವಾದ.

ಇಬ್ಬರದೂ ಪ್ರತ್ಯಕ್ಷದರ್ಶಿ ಹೇಳಿಕೆಯೇ. ಆದರೆ ಫ್ರಾಂಕ್ಸ್ ಮಾತನಾಡಿದ್ದು ಹಡಗು ತೊರೆದು ಬಂದ ಮೇಲೆ, ಕಿಡ್‌ನ ಮೇಲೆ ಸಿಟ್ಟಾಗಿದ್ದ ಕಂಪನಿಯ ಊರಿನಲ್ಲಿ. ಕಿಡ್ ಮಾತನಾಡಿದ್ದು ತನ್ನ ಕೊರಳು ಉಳಿಸಿಕೊಳ್ಳಲು. ಹೇಳಿದವರು ಯಾರು, ಯಾರ ಮುಂದೆ, ಯಾವಾಗ, ಅದರಿಂದ ಅವರಿಗೇನು ಲಾಭ ಎಂಬ ನಾಲ್ಕು ಕಾಲಂಗಳ ಪಟ್ಟಿಯನ್ನು ಮಕ್ಕಳಿಂದ ತುಂಬಿಸಿದರೆ ಅರ್ಧ ಪಾಠ ಮುಗಿದಂತೆ.

ಶಿಕ್ಷಕರು ಮೊದಲೇ ತಿಳಿದಿರಬೇಕಾದ ತೊಡಕೊಂದಿದೆ. ಹಳೆಯ ಇಂಗ್ಲಿಷ್ ಕಡತಗಳಲ್ಲಿ ಕಾರವಾರದ ಹೆಸರು ‘ಕೆ’ ಬದಲು ‘ಸಿ’ ಅಕ್ಷರದಿಂದ ಆರಂಭವಾಗುತ್ತದೆ. ಹೊನ್ನಾವರ ‘ಓನೋರ್’ ಆಗಿದೆ, ಭಟ್ಕಳ ‘ಬಟಿಕಲಾ’ ಆಗಿದೆ. ಇಂದಿನ ಕಾಗುಣಿತದಲ್ಲಿ ಹುಡುಕಿದ ಮಗು ಬರಿಗೈಯಲ್ಲಿ ಮರಳುತ್ತದೆ. ಕನ್ನಡ ಮಾಧ್ಯಮದ ಮಕ್ಕಳಿಗಂತೂ 17ನೇ ಶತಮಾನದ ಇಂಗ್ಲಿಷ್ ಕಬ್ಬಿಣದ ಕಡಲೆ. ಹತ್ತು ಸಾಲು ಆಯ್ದು ಕನ್ನಡಕ್ಕೆ ತಿರುಗಿಸಿ ಕೊಡುವ ಶ್ರಮವನ್ನು ಶಿಕ್ಷಕರೇ ವಹಿಸಬೇಕು. ತರಗತಿಗೆ ಒಂದೇ ಕಂಪ್ಯೂಟರ್ ಇದ್ದರೂ ಅಡ್ಡಿಯಿಲ್ಲ, ಮುದ್ರಿತ ಪ್ರತಿಗಳು ಸಾಕು.

ಬೆಳ್ಳಿ ಸೀಸವಾದ ಕಥೆ

ಅಂತರ್ಜಾಲದ ಸುದ್ದಿಯನ್ನು ಪರೀಕ್ಷಿಸುವ ಅಭ್ಯಾಸಕ್ಕೂ ಕಿಡ್‌ನೇ ಒದಗಿಬರುತ್ತಾನೆ. 2015ರ ಮೇ ತಿಂಗಳಲ್ಲಿ ಮಡಗಾಸ್ಕರ್ ಬಳಿ ಸಮುದ್ರದಡಿ ಕಿಡ್‌ನ ನಿಧಿಯ ಸುಮಾರು 50 ಕಿಲೋ ತೂಕದ ಬೆಳ್ಳಿಗಟ್ಟಿ ದೊರೆಯಿತೆಂದು ಜಗತ್ತಿನಾದ್ಯಂತ ಸುದ್ದಿಯಾಯಿತು. ಜುಲೈನಲ್ಲಿ ಯುನೆಸ್ಕೊ ತಜ್ಞರು ಅದರಲ್ಲಿ ಶೇಕಡಾ 95ರಷ್ಟು ಸೀಸವಿದೆ, ಬೆಳ್ಳಿ ಇಲ್ಲ ಎಂದು ವರದಿ ನೀಡಿದರು. ಮೇ ತಿಂಗಳ ಸುದ್ದಿಗಳನ್ನು ಮಾತ್ರ ಮೊದಲು ಮಕ್ಕಳ ಕೈಗೆ ಕೊಟ್ಟು, ನಂತರ ಏನಾಯಿತೆಂದು ಹುಡುಕಲು ಹೇಳಬಹುದು. ಹಳೆಯ ಸುದ್ದಿ ತಿದ್ದುಪಡಿಯಿಲ್ಲದೆ ಹಾಗೆಯೇ ಉಳಿದಿರುವ ಪುಟಗಳನ್ನು ಪತ್ತೆಹಚ್ಚುವುದು ಮಕ್ಕಳಿಗೆ ಬಲು ಇಷ್ಟದ ಕೆಲಸ.

ಹಿರಿಯ ತರಗತಿಗಳಿಗೆ ಹೆನ್ರಿ ಎವ್ರಿಯ ಪ್ರಕರಣ ಸೂಕ್ತ. 1695ರ ಸೆಪ್ಟೆಂಬರ್‌ನಲ್ಲಿ ಮೆಕ್ಕಾದಿಂದ ಸೂರತ್‌ಗೆ ಮರಳುತ್ತಿದ್ದ ಔರಂಗಜೇಬನ ‘ಗಂಜ್-ಇ-ಸವಾಯಿ’ ಹಡಗನ್ನು ಅವನ ತಂಡ ದೋಚಿತು. ಮೊಘಲ್ ಇತಿಹಾಸಕಾರ ಖಾಫಿ ಖಾನ್‌ನ ಬರಹವನ್ನೂ ಕಂಪನಿಯ ಪತ್ರಗಳನ್ನೂ ಅಕ್ಕಪಕ್ಕ ಇಟ್ಟು ಓದಬಹುದು. ಯಾತ್ರಿಕ ಮಹಿಳೆಯರ ಮೇಲೆ ನಡೆದ ದೌರ್ಜನ್ಯದ ವಿವರಗಳೂ ಇವುಗಳಲ್ಲಿ ಇರುವುದರಿಂದ ಭಾಗಗಳನ್ನು ಆರಿಸುವಾಗ ಎಚ್ಚರ ಅಗತ್ಯ. ಹಾಗೆಂದು ಕ್ರೌರ್ಯವನ್ನು ಪೂರ್ತಿ ಮರೆಮಾಚಿದರೆ ಮತ್ತೆ ಉಳಿಯುವುದು ಗಿಳಿ ಮತ್ತು ನಕ್ಷೆಯೇ. ಎವ್ರಿ ಎಂದೂ ಸಿಕ್ಕಿಬೀಳಲಿಲ್ಲ. ಅವನ ಸಹಚರರಲ್ಲಿ ಐವರನ್ನು 1696ರಲ್ಲಿ ಲಂಡನ್ನಿನಲ್ಲಿ ಗಲ್ಲಿಗೇರಿಸಲಾಯಿತು.

‘ಕಳ್ಳ’ ಎಂದವರು ಯಾರು?

ಕಡಲ್ಗಳ್ಳ ಎಂಬ ಪದವೇ ಸಂಶೋಧನೆಗೆ ಒಳ್ಳೆಯ ವಸ್ತು. ಮರಾಠರ ನೌಕಾಪಡೆಯ ಸೇನಾನಿ ಕನ್ಹೋಜಿ ಆಂಗ್ರೆಯನ್ನು ಇಂಗ್ಲಿಷರು ಕಡಲ್ಗಳ್ಳನೆಂದು ಕರೆದರು; ಇಂದು ಮುಂಬಯಿಯ ನೌಕಾನೆಲೆಗೆ ಅವನದೇ ಹೆಸರಿದೆ. ಹೊನ್ನಾವರದ ತಿಮ್ಮೋಜ ಪೋರ್ಚುಗೀಸರ ಬರಹಗಳಲ್ಲಿ ಮೊದಲು ಕಳ್ಳನಾಗಿ ಕಾಣಿಸಿಕೊಂಡು, 1510ರಲ್ಲಿ ಅಲ್ಬುಕರ್ಕ್ ಗೋವೆಯನ್ನು ಗೆಲ್ಲಲು ನೆರವಾದ ಬಳಿಕ ಮಿತ್ರನಾಗುತ್ತಾನೆ. ಇನ್ನೂ ಹಿಂದೆ ಹೋದರೆ, ಒಂದನೇ ಶತಮಾನದ ರೋಮನ್ ಲೇಖಕ ಪ್ಲಿನಿ ಭಾರತದ ಪಶ್ಚಿಮ ತೀರದ ಕಡಲ್ಗಳ್ಳರ ನೆಲೆಯನ್ನು ‘ನಿತ್ರಿಯಾಸ್’ ಎಂದು ಹೆಸರಿಸುತ್ತಾನೆ. ಅದು ನೇತ್ರಾವತಿಯ ದಡದ ಮಂಗಳೂರು ಎಂಬುದು ಹಲವು ವಿದ್ವಾಂಸರ ಊಹೆ. ಊಹೆಗೂ ಪುರಾವೆಗೂ ಇರುವ ಅಂತರವನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ದೊರೆಯದು.

ಇದೆಲ್ಲ ಮುಗಿದ ಕಥೆಯೆಂದು ಮಕ್ಕಳು ಭಾವಿಸಬಾರದು. 2024ರ ಮಾರ್ಚ್‌ನಲ್ಲಿ ಭಾರತೀಯ ನೌಕಾಪಡೆ ‘ಎಂ.ವಿ. ರುಯೆನ್’ ಹಡಗಿನಿಂದ 17 ಸಿಬ್ಬಂದಿಯನ್ನು ಬಿಡಿಸಿ, 35 ಸೊಮಾಲಿ ಕಡಲ್ಗಳ್ಳರನ್ನು ಸೆರೆಹಿಡಿಯಿತು. 2022ರಲ್ಲಿ ಸಂಸತ್ತು ಅಂಗೀಕರಿಸಿದ ಕಡಲ್ಗಳ್ಳತನ ನಿಗ್ರಹ ಕಾಯ್ದೆಯಲ್ಲಿ ಈ ಅಪರಾಧದ ವ್ಯಾಖ್ಯೆಯನ್ನು ಹುಡುಕಿ, ಅದನ್ನು ಕಿಡ್‌ಗೆ ಅನ್ವಯಿಸಿ ನೋಡಲು ಹೇಳಬಹುದು.

ತರಗತಿಯಲ್ಲಿ ವಿಚಾರಣೆ

ಕೊನೆಯ ಅವಧಿಯನ್ನು ಅಣಕು ನ್ಯಾಯಾಲಯಕ್ಕೆ ಮೀಸಲಿಡುವುದು ಒಳಿತು. ಕಿಡ್‌ನ ವಿಚಾರಣೆ 1701ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ನಡೆಯಿತು. ಅವನು ಅಂಗಲಾಚಿದರೂ ಫ್ರೆಂಚ್ ರಹದಾರಿಗಳು ಅಂದು ನ್ಯಾಯಾಲಯಕ್ಕೆ ಬರಲಿಲ್ಲ. ಅವು ಲಂಡನ್ನಿನ ಸರ್ಕಾರಿ ದಫ್ತರದಲ್ಲಿ ಪತ್ತೆಯಾದದ್ದು 20ನೇ ಶತಮಾನದ ಆರಂಭದಲ್ಲಿ. ತರಗತಿಯಲ್ಲೂ ರಹದಾರಿಗಳ ಪ್ರತಿಯನ್ನು ಶಿಕ್ಷಕರು ಲಕೋಟೆಯಲ್ಲಿ ಮುಚ್ಚಿಟ್ಟು, ಮಕ್ಕಳು ಮೊದಲ ಬಾರಿ ಮತ ಹಾಕಿದ ನಂತರ ತೆರೆಯಬೇಕು. ಆಮೇಲೆ ಎರಡನೇ ಮತದಾನ. ಕಿಡ್‌ನ ಮೇಲೆ ಕಡಲ್ಗಳ್ಳತನವಲ್ಲದೆ ತನ್ನದೇ ಹಡಗಿನ ತೋಪುಗಾರ ವಿಲಿಯಂ ಮೂರ್‌ನನ್ನು ಬಕೆಟ್ಟಿನಿಂದ ಹೊಡೆದು ಕೊಂದ ಆರೋಪವೂ ಇತ್ತು ಎಂಬುದನ್ನು ಹೇಳಿಕೊಡಬೇಕಿಲ್ಲ. ಸರಿಯಾಗಿ ಹುಡುಕಿದ ಮಕ್ಕಳು ಅದನ್ನು ತಾವೇ ತಂದು ಮುಂದಿಡುತ್ತಾರೆ.