ಕ್ರಿಯಾವಿಶೇಷಣದ ಸ್ಥಾನ (ಇಂಗ್ಲಿಷ್)

ಆಲ್ವೇಸ್, ಆಫನ್, ನೆವರ್ ಮೊದಲಾದ ಆವರ್ತನಸೂಚಕ ಕ್ರಿಯಾವಿಶೇಷಣಗಳು ಮುಖ್ಯ ಕ್ರಿಯಾಪದಕ್ಕೆ ಮುಂಚೆ ಬರುವ ಇಂಗ್ಲಿಷ್ ಪದಕ್ರಮ. ‘ಶಿ ಆಲ್ವೇಸ್ ಟೇಕ್ಸ್ ದ ಫಾಸ್ಟ್ ಲೋಕಲ್’ ಎಂಬಲ್ಲಿ ಕ್ರಿಯಾಪದ, ಕರ್ಮಗಳ ನಡುವೆ ‘ಆಲ್ವೇಸ್’ ತೂರುವಂತಿಲ್ಲ. ಈಸ್, ಆರ್ ಇದ್ದರೆ ಅವುಗಳ ನಂತರ: ‘ದ ಕಲ್ಯಾಣ್ ಲೋಕಲ್ ಈಸ್ ಆಫನ್ ಲೇಟ್’. ಕನ್ನಡ, ಮರಾಠಿಗಳಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗಿರುವುದರಿಂದ ಕ್ರಿಯಾವಿಶೇಷಣ ತಾನಾಗಿ ಅದಕ್ಕೆ ಮುಂಚೆ ಬೀಳುತ್ತದೆ.

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಗಳ ಆಡುಮಾತಿನ ಇಂಗ್ಲಿಷಿನಲ್ಲಿ ಸ್ಥಾನದ ದೃಷ್ಟಿಯಿಂದ ಕುತೂಹಲದ ಪದವೆಂದರೆ ‘ಓನ್ಲಿ’: ‘ಐ ಲಿವ್ ಇನ್ ಡೊಂಬಿವಲಿ ಓನ್ಲಿ’. ಕನ್ನಡದ ‘ಡೊಂಬಿವಲಿಯಲ್ಲೇ’, ಮರಾಠಿಯ ‘ಡೊಂಬಿವಲೀತಚ್’ ಎರಡರಲ್ಲೂ ಅವಧಾರಣೆಯ ಅಂಶ ಪದದ ತುದಿಗೇ ಅಂಟುತ್ತದೆ; ಓನ್ಲಿ ಅದೇ ಜಾಗ ಹಿಡಿದಿದೆ, ಅರ್ಥವೂ ‘ಮಾತ್ರ’ ಎಂಬುದರಿಂದ ಬರೀ ಒತ್ತಿಗೆ ಸರಿದಿದೆ. ಇದು ಇಲ್ಲಿಯ ಸೊತ್ತೇನಲ್ಲ, ಭಾರತೀಯ ಇಂಗ್ಲಿಷಿನ ವ್ಯಾಪಕ ಲಕ್ಷಣ.