ಫೈಬರ್ ಹರಿಗೋಲಿಗೆ ಟಚ್‌ಅಪ್: ಹಳೇ ಬಣ್ಣಕ್ಕೆ ಹೊಂದಿಸೋದು ಹೇಗೆ?

ಜಿಲ್ಲೆಯ ಕೆರೆಗಳಲ್ಲಿ ಮೀನು ಹಿಡಿಯಲು ಬಳಸುವ ಫೈಬರ್ ಹರಿಗೋಲಿನ ಮೇಲಿರುವುದು ಸಾಮಾನ್ಯವಾಗಿ ಪೇಂಟ್ ಅಲ್ಲ, ಜೆಲ್‌ಕೋಟ್. ಅಂದರೆ ಬಣ್ಣ ಬೆರೆಸಿದ ಪಾಲಿಯೆಸ್ಟರ್ ರೆಸಿನ್; ಅಚ್ಚಿಗೆ ಮೊದಲು ಬಳಿಯುವುದೇ ಇದನ್ನು. ಗೀರು ಬಿದ್ದ ಕಡೆ ಮನೆ ಬಾಗಿಲಿನ ಎನಾಮೆಲ್ ಬಳಿದರೆ ತೇಪೆಯಂತೆ ಕಾಣುತ್ತೆ, ಬೇಗ ಸುಲಿಯುತ್ತೆ.

ಬಿಸಿಲಲ್ಲಿ ವರ್ಷಗಟ್ಟಲೆ ಇದ್ದ ಬಣ್ಣ ಕೊಂಡಾಗಿನಂತೆ ಇರಲ್ಲ. ಕ್ಯಾಟಲಾಗ್ ನಂಬರ್ ಹೇಳಿ ತಂದದ್ದು ಕೈಕೊಡುವುದು ಇಲ್ಲೇ. ಮೊದಲು ಗೀರಿನ ಸುತ್ತ ರಬ್ಬಿಂಗ್ ಕಾಂಪೌಂಡ್ ಹಾಕಿ ಉಜ್ಜಿ, ಆಗ ಕಾಣುವ ಬಣ್ಣಕ್ಕೇ ಹೊಂದಿಸಿ. ಬಿಳಿ ಜೆಲ್‌ಕೋಟ್‌ಗೆ ಪಿಗ್ಮೆಂಟ್ ಪೇಸ್ಟನ್ನು ಕಡ್ಡಿ ತುದಿಯಷ್ಟೇ ಸೇರಿಸುತ್ತಾ, ಒಂದು ಹನಿ ಪಕ್ಕದಲ್ಲಿಟ್ಟು ಹಗಲು ಬೆಳಕಲ್ಲೇ ನೋಡಬೇಕು. ಅಂಗಡಿಯ ಟ್ಯೂಬ್‌ಲೈಟ್ ನಂಬಬೇಡಿ.

ಬಣ್ಣ ಒಪ್ಪಿದ ಮೇಲಷ್ಟೇ ಹಾರ್ಡನರ್: ಸಾಮಾನ್ಯವಾಗಿ 100 ಗ್ರಾಂಗೆ 1ರಿಂದ 2 ಗ್ರಾಂ. ಆಮೇಲೆ ಸಿಗುವುದು ಕೆಲವೇ ನಿಮಿಷ. ಅದು ಕಣ್ಣಿಗೆ ಸಿಡಿದರೆ ದೃಷ್ಟಿಗೇ ಕುತ್ತು. ಕನ್ನಡಕ, ಗ್ಲೌಸ್ ಇಲ್ಲದೆ ಡಬ್ಬಿ ತೆರೆಯಲೇಬೇಡಿ. ಬಳಿದ ಕೂಡಲೇ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಗಾಳಿ ತಾಗಿದರೆ ಅಂಟಂಟಾಗೇ ಉಳಿಯುತ್ತೆ. ಗಟ್ಟಿಯಾದ ಮೇಲೆ ನೀರು ಹಾಕಿ ಸಣ್ಣ ಎಮರಿ ಪೇಪರ್‌ನಲ್ಲಿ ಉಜ್ಜಿ ಪಾಲಿಶ್ ಮಾಡಿ.

ಒಳಗಿನ ನಾರು ಕಾಣುವಷ್ಟು ಬಿರುಕಿದ್ದರೆ ಬಣ್ಣದ ಮಾತು ಆಮೇಲೆ. ಫೈಬರ್ ಮ್ಯಾಟ್, ರೆಸಿನ್ ಹಾಕಿಸುವ ತನಕ ಆ ಹರಿಗೋಲು ಕೆರೆಗೆ ಇಳಿಯಬಾರದು.